ವರ್ಚುಯೋಸೊ: ಹೊಗಳಿಕೆ ಮತ್ತು ಅನುಮಾನ ಎರಡನ್ನೂ ಹೊತ್ತ ಪದ

ವರ್ಚುಯೋಸೊ ಇಟಲಿಯಿಂದ ಬಂದ ಮಾತು. ವಾದ್ಯದ ಮೇಲೋ ಕಂಠದ ಮೇಲೋ ಉಳಿದ ಕಲಾವಿದರೇ ಬಾಯಿಬಿಟ್ಟು ನೋಡುವಷ್ಟು ಹಿಡಿತ ಇರುವವರನ್ನು ಹಾಗೆ ಕರೆಯುತ್ತಾರೆ. ಆ ಹಿಡಿತಕ್ಕೆ ವರ್ಚುಯೋಸಿಟಿ ಅಂತ ಹೆಸರು. ನಮ್ಮ ಹಿಂದೂಸ್ತಾನಿಯವರು ಇದರ ಒಂದು ಭಾಗವನ್ನು 'ತಯಾರಿ' ಅನ್ನುತ್ತಾರೆ. 'ಹುಡುಗನ ತಯಾರಿ ಜೋರಾಗಿದೆ' ಅಂದರೆ ತಾನುಗಳು, ಅಂದರೆ ವೇಗದ ಸ್ವರಗುಚ್ಛಗಳು, ಸಲೀಸಾಗಿ ಬರುತ್ತವೆ, ಕೈ ಓಡುತ್ತದೆ, ಗಂಟಲು ಹೇಳಿದ ಹಾಗೆ ಕೇಳುತ್ತದೆ ಅಂತ. ಅದೇ ಮಾತನ್ನು ಸ್ವಲ್ಪ ಎಳೆದು 'ತಯಾರಿ ಏನೋ ಇದೆ' ಅಂದರೆ ಮುಗೀತು, ಆ ಹುಡುಗನ ಮಾನ ಹೋಯಿತು. ವರ್ಚುಯೋಸೊ ಪದದ ಕಥೆಯೂ ಹೀಗೇ. ನಾಲ್ಕು ನೂರು ವರ್ಷಗಳಿಂದ ಅದರಲ್ಲಿ ಮೆಚ್ಚುಗೆ ಇದೆ, ಪಕ್ಕದಲ್ಲೇ ಒಂದು ಕೊಂಕೂ ಇದೆ.

ಶುರುವಿನಲ್ಲಿ ಈ ಪದಕ್ಕೂ ಸಂಗೀತಕ್ಕೂ ವಿಶೇಷ ನಂಟೇನೂ ಇರಲಿಲ್ಲ. 16-17ನೇ ಶತಮಾನದ ಇಟಲಿಯಲ್ಲಿ ಕವಿ, ಶಿಲ್ಪಿ, ಪಂಡಿತ, ಯಾರೇ ತಮ್ಮ ವಿದ್ಯೆಯಲ್ಲಿ ಎತ್ತರಕ್ಕೆ ಏರಿದ್ದರೂ ಅವರು ವರ್ಚುಯೋಸೊ. ಅದು ಇಂಗ್ಲೆಂಡಿಗೆ ಹೋದಾಗ ಹಳೇ ನಾಣ್ಯ, ಚಿಪ್ಪು, ಹುಳುಹುಪ್ಪಟೆ ಸಂಗ್ರಹಿಸಿ ಪ್ರಯೋಗ ಮಾಡುವ ಶ್ರೀಮಂತರಿಗೆ ಅಂಟಿಕೊಂಡಿತು. ಲಂಡನ್ನಿನಲ್ಲಿ 1676ರಲ್ಲಿ ಥಾಮಸ್ ಶಾಡ್‌ವೆಲ್ ಅನ್ನುವವರು ಇದೇ ಹೆಸರಿನ ನಾಟಕ ಬರೆದು ಅಂಥವರನ್ನು ಚೆನ್ನಾಗಿ ಗೇಲಿ ಮಾಡಿದರು. ಅದರ ನಾಯಕ ಮೇಜಿನ ಮೇಲೆ ಬೋರಲು ಮಲಗಿ, ಕಪ್ಪೆಯನ್ನು ನೋಡಿಕೊಂಡು ಈಜು ಕಲಿಯುತ್ತಾನೆ. ನೀರಿಗೆ ಇಳಿಯುವ ಆಸೆಯೇ ಅವನಿಗಿಲ್ಲ! ಬರೀ ಕಲೆ, ಉಪಯೋಗ ಸೊನ್ನೆ ಅನ್ನುವ ಆ ಹಾಸ್ಯ ಮುಂದೆ ಸಂಗೀತಗಾರರ ಬೆನ್ನಿಗೂ ಬಿತ್ತು. 18ನೇ ಶತಮಾನದಲ್ಲಿ ಪದದ ಹರವು ಕಿರಿದಾಗುತ್ತಾ ಬಂದು, ಹಾಡುವವರು ಮತ್ತು ನುಡಿಸುವವರಿಗೆ ನಿಂತಿತು.

ಆ ಕಾಲದ ಯುರೋಪಿನಲ್ಲಿ ಫಾರಿನೆಲ್ಲಿಯನ್ನು ಮೀರಿಸುವ ಗಾಯಕ ಇರಲಿಲ್ಲ ಅಂತಲೇ ಹೇಳಬೇಕು. ಹುಟ್ಟು ಹೆಸರು ಕಾರ್ಲೊ ಬ್ರೋಸ್ಕಿ, 1705ರಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗಲೇ ರೋಮಿನಲ್ಲಿ ಒಬ್ಬ ತುತ್ತೂರಿಗಾರನ ಜೊತೆ ಉಸಿರಿನ ಪಂದ್ಯ ಕಟ್ಟಿ ಗೆದ್ದರು ಅಂತ ಕಥೆ. ಇವರು ವಿಯೆನ್ನಾಕ್ಕೆ ಹೋದಾಗ ಆರನೇ ಚಾರ್ಲ್ಸ್ ಚಕ್ರವರ್ತಿ ಕರೆದು ಒಂದು ಮಾತು ಹೇಳಿದನಂತೆ. ನಿನ್ನ ಈ ದೈತ್ಯ ಹೆಜ್ಜೆ, ಮುಗಿಯದ ಸ್ವರಗಳು ಜನರನ್ನು ಬೆರಗುಗೊಳಿಸುತ್ತವೆ ಅಷ್ಟೆ, ಇನ್ನು ಮೇಲೆ ಅವರ ಮನಸ್ಸನ್ನು ಮುಟ್ಟು ಅಂತ. ಅದಾದ ಮೇಲೆ ತಾನು ಹಾಡುವ ರೀತಿಯನ್ನೇ ಬದಲಾಯಿಸಿಕೊಂಡೆ ಎಂದು ವಯಸ್ಸಾದ ಮೇಲೆ ಫಾರಿನೆಲ್ಲಿಯೇ ಚಾರ್ಲ್ಸ್ ಬರ್ನಿ ಎಂಬ ಸಂಗೀತ ಇತಿಹಾಸಕಾರನ ಹತ್ತಿರ ಹೇಳಿಕೊಂಡರು. ಕಡೆಗೆ 1737ರಲ್ಲಿ ಸಾರ್ವಜನಿಕ ರಂಗವನ್ನೇ ಬಿಟ್ಟು ಸ್ಪೇನಿಗೆ ಹೋದರು. ಮನಸ್ಸು ಕುಗ್ಗಿ ಕೂತಿದ್ದ ಅಲ್ಲಿನ ರಾಜ ಐದನೇ ಫಿಲಿಪ್‌ಗೆ ರಾತ್ರಿ ಹೊತ್ತು ಹಾಡುವುದೇ ಕೆಲಸವಾಯಿತು.

ಚಕ್ರವರ್ತಿ ಹೇಳಿದ ಆ ಮಾತು ಮುಂದಿನ ಜಗಳಕ್ಕೆಲ್ಲ ಮೂಲ. 1781ರ ಡಿಸೆಂಬರ್ 24ರಂದು ಅದೇ ವಿಯೆನ್ನಾದಲ್ಲಿ ಇನ್ನೊಬ್ಬ ಚಕ್ರವರ್ತಿ, ಎರಡನೇ ಜೋಸೆಫ್, ಮೊಜಾರ್ಟ್ ಮತ್ತು ಇಟಲಿಯ ಪಿಯಾನೋ ವಾದಕ ಕ್ಲೆಮೆಂಟಿಯನ್ನು ಎದುರುಬದುರು ಕೂರಿಸಿ ಪಿಯಾನೋ ಪೈಪೋಟಿ ನಡೆಸಿದ. ಕ್ಲೆಮೆಂಟಿ ಆಮೇಲೆ ಮೊಜಾರ್ಟ್‌ನನ್ನು ಬಾಯಿ ತುಂಬಾ ಹೊಗಳಿದ. ಮೊಜಾರ್ಟ್ ಮಾತ್ರ ಅಪ್ಪನಿಗೆ ಬರೆದ ಕಾಗದದಲ್ಲಿ, ಅವನ ಬಲಗೈ ಚೆನ್ನಾಗಿದೆ, ಆದರೆ ರುಚಿ, ಭಾವ ಕಾಸಿನಷ್ಟೂ ಇಲ್ಲ, ಅವನು ಬರೀ ಯಂತ್ರ ಎಂದ. ತಮಾಷೆ ಏನಪ್ಪಾ ಅಂದರೆ, ಕ್ಲೆಮೆಂಟಿ ಅವತ್ತು ನುಡಿಸಿದ ಸೊನಾಟಾದ (ಒಂದು ಬಗೆಯ ವಾದ್ಯಕೃತಿ) ಮೊದಲ ಸಾಲಿನ ಹೋಲಿಕೆ ಹತ್ತು ವರ್ಷದ ಮೇಲೆ ಮೊಜಾರ್ಟ್‌ನದೇ 'ಮ್ಯಾಜಿಕ್ ಫ್ಲೂಟ್' ಒಪೆರಾದ ಆರಂಭದಲ್ಲಿ ಕೇಳಿಸುತ್ತದೆ. ಯಂತ್ರದಿಂದ ಸಾಲ ತಗೊಂಡರೆ ತಪ್ಪಿಲ್ಲ ಅಲ್ವಾ!

ಈಗ ಪಗನಿನಿಗೆ ಬರೋಣ. ವರ್ಚುಯೋಸೊ ಅಂದ ಕೂಡಲೇ ಎಲ್ಲರ ಬಾಯಲ್ಲಿ ಮೊದಲು ಬರುವ ಹೆಸರು ಇದು. ಪಿಟೀಲುವಾದಕ ನಿಕೊಲೊ ಪಗನಿನಿ 1782ರಲ್ಲಿ ಜಿನೋವಾದಲ್ಲಿ ಹುಟ್ಟಿದರು. ಇಟಲಿಯ ಹೊರಗೆ ಕಛೇರಿ ಮಾಡಲು ಹೊರಟಿದ್ದು 1828ರಲ್ಲಿ, ಆಗ ವಯಸ್ಸು 45. ಅಷ್ಟು ತಡವಾಗಿ ಹೊರಟರೂ ಕೆಲವೇ ವರ್ಷಗಳಲ್ಲಿ ಯುರೋಪಿಗೆ ಯುರೋಪೇ ಅವರ ಹಿಂದೆ ಬಿತ್ತು. ಕಾಲವೂ ಕೂಡಿ ಬಂದಿತ್ತು ಅನ್ನಿ. ಸಂಗೀತ ಅರಮನೆಯಿಂದ ಹೊರಬಂದು ಟಿಕೆಟ್ ಕೊಂಡವರ ಸಭಾಂಗಣಕ್ಕೆ ಸೇರುತ್ತಿದ್ದ ದಿನಗಳು ಅವು. ಪತ್ರಿಕೆಗಳು ಹೆಚ್ಚುತ್ತಿದ್ದವು. ಒಬ್ಬನನ್ನು ನೋಡಲೆಂದೇ ಸಾವಿರ ಜನ ದುಡ್ಡು ಕೊಟ್ಟು ಬರುವುದು ಸಾಧ್ಯವಾಯಿತು. ಲಂಡನ್ನಿನಲ್ಲಿ 1831ರಲ್ಲಿ ಪಗನಿನಿ ಕಛೇರಿಗೆ ಟಿಕೆಟ್ ದರ ದುಪ್ಪಟ್ಟು ಮಾಡಲು ಹೊರಟು ಗಲಾಟೆಯೇ ಆಯಿತು.

ಅವರು ಮಾಡಿದ್ದಾದರೂ ಏನು? ಸುಮ್ನೆ ವೇಗ ಅಂದರೆ ಸಾಲದು. ಒಂಟಿ ಪಿಟೀಲಿಗೆ ಬರೆದ ಅವರ 24 ಕಪ್ರೀಚೊಗಳಲ್ಲಿ, ಅಂದರೆ ಚಿಕ್ಕ ಕೃತಿಗಳಲ್ಲಿ, ಕೊನೆಯದನ್ನು ತಗೊಳ್ಳಿ. ಒಂದೇ ಧಾಟಿಯನ್ನು ಬೇರೆ ಬೇರೆ ರೂಪದಲ್ಲಿ ನುಡಿಸುವ ಕೃತಿ ಅದು. ಅದರ ಒಂಬತ್ತನೇ ರೂಪದಲ್ಲಿ ಎಡಗೈ ಎರಡು ಕೆಲಸ ಮಾಡಬೇಕು. ಪಿಟೀಲಿನಲ್ಲಿ ಎಡಗೈ ಬೆರಳು ಸ್ವರ ಒತ್ತುತ್ತದೆ, ಬಲಗೈ ಕಮಾನು ಎಳೆಯುತ್ತದೆ, ಅದು ವಾಡಿಕೆ. ಇಲ್ಲಿ ಒಂದು ಬೆರಳು ಸ್ವರ ಹಿಡಿದಿರುವಾಗಲೇ ಅದೇ ಕೈಯ ಇನ್ನೊಂದು ಬೆರಳು ತಂತಿಯನ್ನು ಮೀಟಬೇಕು. ನಡುನಡುವೆ ಕಮಾನು ಬಂದು ತಟ್ಟಿ ಹೋಗುತ್ತದೆ. ಕಣ್ಣು ಮುಚ್ಚಿ ಕೇಳಿದರೆ ಇಬ್ಬರು ನುಡಿಸುತ್ತಿದ್ದಾರೆ ಅನಿಸಬೇಕು. ಇನ್ನೊಂದು ಉಪಾಯ ಅವರ ಮೊದಲನೇ ಕಾನ್ಸರ್ಟೊದಲ್ಲಿ, ಅಂದರೆ ಒಂಟಿ ಪಿಟೀಲು ಇಡೀ ವಾದ್ಯವೃಂದದ ಜೊತೆ ನುಡಿಯುವ ಕೃತಿಯಲ್ಲಿ, ಇದೆ. ವಾದ್ಯವೃಂದ ಇ ಫ್ಲ್ಯಾಟ್ ಶ್ರುತಿಯಲ್ಲಿ ನುಡಿಸುತ್ತಿರುತ್ತದೆ. ಆ ಶ್ರುತಿಯಲ್ಲಿ ಪಿಟೀಲಿನ ಬಿಡಿ ತಂತಿಗಳಿಗೆ (ಬೆರಳು ಒತ್ತದೆ ನುಡಿಸುವ ತಂತಿಗಳಿಗೆ) ಕೆಲಸ ಕಡಿಮೆ, ಹಾಗಾಗಿ ದನಿ ಸ್ವಲ್ಪ ಮಂದ. ಪಗನಿನಿ ಮಾತ್ರ ತನ್ನ ತಂತಿಗಳನ್ನು ಅರ್ಧ ಸ್ವರ ಏರಿಸಿ ಕಟ್ಟಿ, ಅರ್ಧ ಸ್ವರ ಕೆಳಗಿನ ಡಿ ಶ್ರುತಿಯ ಬೆರಳುಗಾರಿಕೆಯಲ್ಲಿ ನುಡಿಸುತ್ತಿದ್ದರು. ಬಿಗಿದ ತಂತಿ, ಬಿಡಿ ತಂತಿಯ ಅನುಕೂಲ ಎರಡೂ ಅವರಿಗೆ. ಅಷ್ಟು ಜನರ ನಡುವೆ ಅವರೊಬ್ಬರ ಪಿಟೀಲು ಮಾತ್ರ ಎದ್ದು ಕೇಳುತ್ತಿತ್ತು. ಇದು ಬೆರಳಿನ ಕೆಲಸಕ್ಕಿಂತ ಜಾಸ್ತಿ ತಲೆಯ ಕೆಲಸ.

ದೆವ್ವದ ಜೊತೆ ಒಪ್ಪಂದ ಮಾಡಿಕೊಂಡಿದ್ದಾನೆ ಅಂತ ಜನ ಆಡಿಕೊಂಡರು. 1840ರಲ್ಲಿ ನೀಸ್‌ನಲ್ಲಿ ತೀರಿಕೊಂಡಾಗ, ಸಾಯುವ ಮುಂಚೆ ಪಾದ್ರಿಯಿಂದ ಕೊನೆಯ ಸಂಸ್ಕಾರ ಪಡೆಯಲಿಲ್ಲವೆಂದು ಚರ್ಚು ಮಣ್ಣು ಮಾಡಲು ಬಿಡಲಿಲ್ಲ. ಶವ ಊರಿಂದೂರಿಗೆ ಅಲೆದು, 1876ರಲ್ಲಿ ಪಾರ್ಮಾದ ಸ್ಮಶಾನದಲ್ಲಿ ನೆಲೆ ಕಂಡಿತು. ಈ ದೆವ್ವದ ಕಥೆಗಳನ್ನೇ ಎಲ್ಲರೂ ಮತ್ತೆ ಮತ್ತೆ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆ ಕಪ್ರೀಚೊಗಳನ್ನು ಅವರು 1820ರಲ್ಲೇ ಅಚ್ಚು ಹಾಕಿಸಿ, ಯಾವ ರಾಜನ ಹೆಸರನ್ನೂ ಹಾಕದೆ 'ಕಲಾವಿದರಿಗೆ' ಅಂತ ಅರ್ಪಿಸಿದ್ದು. ಆಗ ಅದು ಆಗದ ಹೋಗದ ಕೆಲಸ. ಇವತ್ತು ಪಶ್ಚಿಮದ ಪಿಟೀಲು ವಿದ್ಯಾರ್ಥಿಗಳ ಪಾಠದಲ್ಲಿ, ಸ್ಪರ್ಧೆಗಳಲ್ಲಿ ಅದು ಇದ್ದೇ ಇರುತ್ತದೆ.

ಪ್ಯಾರಿಸ್ಸಿನಲ್ಲಿ 1832ರಲ್ಲಿ ಪಗನಿನಿಯನ್ನು ಕೇಳಿದವರಲ್ಲಿ 20 ವರ್ಷದ ಫ್ರಾಂಜ್ ಲಿಸ್ಟ್ ಒಬ್ಬ. ಕೇಳಿದವನು ಮನೆಗೆ ಹೋಗಿ ದಿನಕ್ಕೆ ನಾಲ್ಕೈದು ಗಂಟೆ ಬರೀ ಬೆರಳಿನ ಸಾಧನೆಗೆ ಕೂತ. ಪಿಟೀಲಿನಲ್ಲಿ ಆಗಿದ್ದನ್ನು ಪಿಯಾನೋದಲ್ಲಿ ಮಾಡುವ ಹಟ. ಇಲ್ಲಿ ವಾದ್ಯ ಮಾಡುವವನ ಪಾಲನ್ನೂ ಹೇಳಬೇಕು. 1821ರಲ್ಲಿ ಎರಾರ್ ಕಂಪನಿ ಹೊಸ ಯಂತ್ರರಚನೆಗೆ ಪೇಟೆಂಟ್ ಪಡೆದಿತ್ತು. ಅದರಲ್ಲಿ ಒತ್ತಿದ ಕೀ ಪೂರ್ತಿ ಮೇಲೆ ಬರುವ ಮೊದಲೇ ಮತ್ತೆ ಒತ್ತಿದರೂ ಸುತ್ತಿಗೆ ಹೋಗಿ ತಂತಿಗೆ ಹೊಡೆಯುತ್ತದೆ. ಒಂದೇ ಸ್ವರವನ್ನು ಪಟಪಟನೆ ನುಡಿಸಲು ದಾರಿ ಆಯಿತು. ಲಿಸ್ಟ್‌ನ ಬೆರಳಿಗೆ ಬೇಕಾಗಿದ್ದೂ ಅದೇ. ಒಬ್ಬನೇ ಕೂತು ಇಡೀ ಸಂಜೆ ನುಡಿಸುವ ಪದ್ಧತಿಗೆ 'ರಿಸೈಟಲ್' ಅನ್ನುವ ಹೆಸರು 1840ರಲ್ಲಿ ಲಂಡನ್ನಿನ ಅವನ ಕಛೇರಿಗಳಿಂದ ಚಾಲ್ತಿಗೆ ಬಂತು. ಜನರ ಹುಚ್ಚು ಎಷ್ಟಿತ್ತೆಂದರೆ ಕವಿ ಹೈನೆ ಅದಕ್ಕೆ 'ಲಿಸ್ಟೊಮೇನಿಯಾ' ಅಂತ ಹೆಸರಿಟ್ಟ. ಅಂಥ ಹೊತ್ತಿನಲ್ಲಿ, 1847ರಲ್ಲಿ, 35ನೇ ವಯಸ್ಸಿಗೇ ಲಿಸ್ಟ್ ದುಡ್ಡಿನ ಕಛೇರಿಗಳನ್ನು ನಿಲ್ಲಿಸಿಬಿಟ್ಟ. ಆಮೇಲೆ ರಾಗಸಂಯೋಜನೆ, ಶಿಷ್ಯರಿಗೆ ಬಿಟ್ಟಿ ಪಾಠ.

ಇಷ್ಟು ನೋಡಿದ ಮೇಲೆ ನಾನು ಇಟ್ಟುಕೊಂಡಿರುವ ಅಳತೆ ಹೇಳುತ್ತೇನೆ. ಒಬ್ಬರು ಎಷ್ಟು ಬೇಗ ನುಡಿಸುತ್ತಾರೆ ಅನ್ನುವುದು ದೊಡ್ಡ ವಿಷಯವಲ್ಲ. ಅವರು ಬಂದು ಹೋದ ಮೇಲೆ ಆ ವಾದ್ಯಕ್ಕೆ ಹೊಸದೇನಾದರೂ ಬಂತಾ, ಅದನ್ನು ನೋಡಬೇಕು.

ಜಾಜ್‌ನಲ್ಲಿ ಇದಕ್ಕೆ ಪಿಯಾನೋ ವಾದಕ ಆರ್ಟ್ ಟೇಟಮ್ ಉದಾಹರಣೆ. ಅಮೆರಿಕದ ಟೊಲೀಡೊದಲ್ಲಿ 1909ರಲ್ಲಿ ಹುಟ್ಟಿದವರು, ಕಣ್ಣು ಬಹುತೇಕ ಕಾಣುತ್ತಿರಲಿಲ್ಲ. ಕೆನಡಾದ ಆಸ್ಕರ್ ಪೀಟರ್ಸನ್ ಹುಡುಗನಾಗಿದ್ದಾಗ ಟೇಟಮ್ ರೆಕಾರ್ಡ್ ಕೇಳಿ, ಇಬ್ಬರು ನುಡಿಸುತ್ತಿದ್ದಾರೆ ಅಂದುಕೊಂಡಿದ್ದರು. ಒಬ್ಬರೇ ಅಂತ ಗೊತ್ತಾದ ಮೇಲೆ ಕೆಲಕಾಲ ಪಿಯಾನೋ ಮುಟ್ಟಲಿಲ್ಲ. ಆಮೇಲೆ ಅವರೇ ಜಾಜ್ ಪಿಯಾನೋದ ದೊಡ್ಡ ಹೆಸರಾದರು. ಗಿಟಾರಿಗೆ ಬಂದರೆ ಜಾಂಗೊ ರೈನ್‌ಹಾರ್ಟ್ ಕಥೆ ಬೇರೆಯೇ. 1928ರಲ್ಲಿ ವಾಸದ ಗಾಡಿಗೆ ಬೆಂಕಿ ಬಿದ್ದು ಎಡಗೈಯ ಉಂಗುರ ಬೆರಳು, ಕಿರುಬೆರಳು ಸೆಟೆದುಕೊಂಡವು. ಉಳಿದ ಎರಡೇ ಬೆರಳಲ್ಲಿ ಸ್ವರದ ಓಟವನ್ನೆಲ್ಲ ಮತ್ತೆ ಕಲಿತರು. ನಾಲ್ಕು ಬೆರಳಿದ್ದವರು ತಂತಿಯಿಂದ ತಂತಿಗೆ ಹೋದರೆ, ಇವರು ಗಿಟಾರಿನ ಕುತ್ತಿಗೆಯ ಉದ್ದಕ್ಕೂ ಓಡುತ್ತಿದ್ದರು. ಈಗ ಎರಡೂ ಕೈ ಸರಿಯಿರುವವರೂ ಆ ಶೈಲಿ ಕಲಿಯಲು ಒದ್ದಾಡುತ್ತಾರೆ. ರಾಕ್‌ನಲ್ಲಿ 1978ರಲ್ಲಿ ಎಡ್ಡಿ ವ್ಯಾನ್ ಹೇಲನ್ ಬಲಗೈ ಬೆರಳನ್ನೂ ಗಿಟಾರಿನ ಫ್ರೆಟ್‌ಗಳ, ಅಂದರೆ ಕುತ್ತಿಗೆಯ ಅಡ್ಡಪಟ್ಟಿಗಳ, ಮೇಲೆ ತಂದು ಬಡಿದು ನುಡಿಸಿದ. ಮೊದಲು ಮಾಡಿದ್ದು ಅವನಲ್ಲ, ಆದರೆ ಊರಿಗೆಲ್ಲ ಹಬ್ಬಿಸಿದ್ದು ಅವನೇ.

ನಮ್ಮಲ್ಲಿ ಇದೇ ಅಳತೆಗೆ ಮೊದಲು ಸಿಗುವವರು ಕದ್ರಿ ಗೋಪಾಲನಾಥ್. ಬಂಟ್ವಾಳ ತಾಲ್ಲೂಕಿನವರು, ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಅದರ ಬೆನ್ನು ಹತ್ತಿದರು. ಕಷ್ಟ ಎಲ್ಲಿತ್ತು ಅಂದರೆ, ಸ್ಯಾಕ್ಸೋಫೋನಿನಲ್ಲಿ ಬೆರಳು ರಂಧ್ರದ ಮೇಲೆ ಕೂರುವುದಿಲ್ಲ. ಬೆರಳು ಕೀ ಒತ್ತುತ್ತದೆ, ಕೀ ಹೋಗಿ ರಂಧ್ರ ಮುಚ್ಚುತ್ತದೆ. ಕೊಳಲಲ್ಲಿ, ನಾಗಸ್ವರದಲ್ಲಿ ಬೆರಳನ್ನು ನಿಧಾನಕ್ಕೆ ಸರಿಸಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬಹುದು. ಇಲ್ಲಿ ಜಾರುವ ದಾರಿ ಇಲ್ಲ, ಒಂದೊಂದೇ ಸ್ವರ ಬಿಡಿಬಿಡಿಯಾಗಿ ಬರುತ್ತದೆ. ಸ್ವರ ಹೀಗೆ ಜಾರುವ, ತೂಗುವ ಗಮಕ ಇಲ್ಲದ ತೋಡಿ ರಾಗ ತೋಡಿಯೇ ಅಲ್ಲ ತಾನೇ? ಅದಕ್ಕೆ ಅವರು ವಾದ್ಯದಲ್ಲೇ ಕೆಲವು ಮಾರ್ಪಾಡು ಮಾಡಿಕೊಂಡರು, ಉಸಿರನ್ನೂ ತುಟಿಯನ್ನೂ ಪಳಗಿಸಿದರು, ಗಮಕ ಬರಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲಿ ನುಡಿಸಿದರು. ಅದಕ್ಕಿಂತ ದೊಡ್ಡ ಸಾಕ್ಷಿ ಮಂಗಳೂರಿನ ಕಡೆ ಯಾವುದೇ ಮದುವೆಗೆ, ದೇವಸ್ಥಾನದ ಉತ್ಸವಕ್ಕೆ ಹೋದರೆ ಸಿಗುತ್ತದೆ. ಮಂಗಳವಾದ್ಯದ ಜಾಗದಲ್ಲಿ ಸ್ಯಾಕ್ಸೋಫೋನ್ ಇರುತ್ತದೆ. ಯಾರಿಗೂ ಅದು ವಿಚಿತ್ರ ಅನಿಸುವುದಿಲ್ಲ.

ಆದರೆ ಪಿಟೀಲು ಚೌಡಯ್ಯನವರ ವಿಷಯಕ್ಕೆ ಬಂದರೆ ನನ್ನ ಅಳತೆ ಸ್ವಲ್ಪ ಎಡವುತ್ತದೆ. ತಿರುಮಕೂಡಲಿನವರು, ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಮೈಕ್ ಇಲ್ಲದ ಕಾಲ. ಗಾಯಕರ ಎದೆತುಂಬಿದ ದನಿಯ ಪಕ್ಕದಲ್ಲಿ ಪಿಟೀಲು ಹಿಂದಿನ ಸಾಲಿಗೆ ಕೇಳುತ್ತಿರಲಿಲ್ಲ. ಚೌಡಯ್ಯ ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿದರು. ಒಂದೇ ಕಮಾನಿಗೆ ಜೋಡಿ ತಂತಿ ಒಟ್ಟಿಗೆ ನುಡಿದು ನಾದ ದಪ್ಪವಾಯಿತು. ಜೋಡಿ ತಂತಿ ಅಂದರೆ ಬೆರಳಿನ ಕೆಲಸವೂ ದುಪ್ಪಟ್ಟು. ಎರಡೂ ತಂತಿಯನ್ನು ಒಂದೇ ಬೆರಳು ಸರಿಯಾಗಿ ಅದುಮಬೇಕು, ಕೂದಲೆಳೆ ತಪ್ಪಿದರೂ ಅಪಶ್ರುತಿ. ಎಲ್ಲರಿಗೂ ಆ ನಾದ ಹಿಡಿಸಲಿಲ್ಲ. ಆಮೇಲೆ ಮೈಕ್ ಬಂತು, ನಾಲ್ಕು ತಂತಿಯೇ ಸಾಕಾಯಿತು, ಏಳು ತಂತಿಯ ದಾರಿ ಹಿಡಿದವರು ಕಡಿಮೆ. ಹಾಗಂತ ಚೌಡಯ್ಯ ವರ್ಚುಯೋಸೊ ಅಲ್ಲ ಅನ್ನಲಾದೀತೇ? 1957ರಲ್ಲಿ ಮದ್ರಾಸಿನ ಸಂಗೀತ ಅಕಾಡೆಮಿ ಸಂಗೀತ ಕಲಾನಿಧಿ ಬಿರುದು ಕೊಟ್ಟಿತು. ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಂಗಣವನ್ನೇ ಪಿಟೀಲಿನ ಆಕಾರದಲ್ಲಿ ಕಟ್ಟಿದ್ದಾರೆ.

ಇನ್ನೊಂದು ಕಡೆಯಿಂದಲೂ ಈ ಪದವನ್ನು ನೋಡಬೇಕು. ಮದ್ರಾಸಿನ ವೀಣಾ ಧನಮ್ಮಾಳ್ ಶುಕ್ರವಾರ ಸಂಜೆ ತಮ್ಮ ಮನೆಯಲ್ಲೇ ನುಡಿಸುತ್ತಿದ್ದರು. ದೊಡ್ಡ ಸಭೆ ಇಲ್ಲ, ಆರ್ಭಟ ಇಲ್ಲ. ವೀಣೆಯ ದನಿ ಎಷ್ಟು ಮೆಲ್ಲಗೆ ಅಂದರೆ ಕೂತವರು ಮಿಸುಕಾಡುವಂತಿರಲಿಲ್ಲ. ಆದರೂ ಆ ಕಾಲದ ವಿದ್ವಾಂಸರು ಅಲ್ಲಿಗೆ ಹೋಗಿ ತಲೆಬಾಗಿ ಕೇಳುತ್ತಿದ್ದರು. ನಿಧಾನದಲ್ಲಿ ಬೆರಳು ಬಚ್ಚಿಟ್ಟುಕೊಳ್ಳಲು ಜಾಗ ಇರುವುದಿಲ್ಲ. ಸಿತಾರಿನ ವಿಲಾಯತ್ ಖಾನರು ಒಂದೇ ಪರದೆಯ (ಫ್ರೆಟ್ಟಿನ) ಮೇಲೆ ತಂತಿಯನ್ನು ಅಡ್ಡಕ್ಕೆ ಎಳೆದು ಐದು ಸ್ವರ ಹೊರಡಿಸುತ್ತಿದ್ದರು. ಎಳೆತ ಒಂದಿಷ್ಟು ಹೆಚ್ಚಾದರೆ ಶ್ರುತಿ ಹೋಗುತ್ತದೆ. ಅದೂ ವರ್ಚುಯೋಸಿಟಿಯೇ, ಸಿತಾರಿನ ಕಡೆಯಲ್ಲಿ ಬರುವ ಜಾಲಾದ ವೇಗದಷ್ಟೇ. ಧಾರವಾಡದ ಮಲ್ಲಿಕಾರ್ಜುನ ಮನಸೂರರು ಜೋಡು ರಾಗಗಳನ್ನು ಹಾಡುವಾಗ ಒಂದು ರಾಗದಿಂದ ಇನ್ನೊಂದಕ್ಕೆ ದಾಟಿದ್ದು ಯಾವ ಕ್ಷಣದಲ್ಲಿ ಅಂತ ಹಿಡಿಯುವುದೇ ಕಷ್ಟ. ಅಲ್ಲಿ ಚಪ್ಪಾಳೆ ಗಿಟ್ಟಿಸುವ ಓಟ ಏನೂ ಇಲ್ಲ.

ಪದ ಬಳಸುವಾಗ ಒಂದೆರಡು ಎಚ್ಚರ. ಚಿಕ್ಕ ವಯಸ್ಸಿನಲ್ಲೇ ಚೆನ್ನಾಗಿ ನುಡಿಸುವ ಮಕ್ಕಳೆಲ್ಲ ವರ್ಚುಯೋಸೊ ಅಲ್ಲ. ಅವರನ್ನು ಬಾಲಪ್ರತಿಭೆ ಅನ್ನೋಣ, ಮುಂದೆ ಏನಾಗುತ್ತಾರೋ ನೋಡೋಣ. ಮ್ಯಾಂಡೋಲಿನ್ ಶ್ರೀನಿವಾಸ್ ಎರಡೂ ಆಗಿದ್ದರು, ಅಂಥವರು ಅಪರೂಪ. ಕೃತಿ ರಚಿಸುವ ದೊಡ್ಡ ವಾಗ್ಗೇಯಕಾರರೂ ವರ್ಚುಯೋಸೊ ಆಗಿರಲೇಬೇಕು ಅಂತಿಲ್ಲ. ಈಚೆಗೆ ಅಡುಗೆಯವರಿಗೂ ಕ್ರಿಕೆಟಿಗರಿಗೂ ಇದೇ ಪದ ಹಚ್ಚುತ್ತಾರೆ. ಬೇಡ ಅನ್ನಲು ನಾನ್ಯಾರು, ಮೊದಲು ಇದು ಎಲ್ಲ ವಿದ್ಯೆಗೂ ಸೇರಿದ್ದ ಪದವೇ ತಾನೇ.

ಕೇಳಿ ನೋಡಬೇಕೆಂದರೆ ಪಗನಿನಿಯ 24ನೇ ಕಪ್ರೀಚೊವನ್ನು ವಿಡಿಯೊ ಸಮೇತ ನೋಡಿ, ಎಡಗೈ ಮೇಲೆ ಕಣ್ಣಿಡಿ. ಆಮೇಲೆ ಕದ್ರಿಯವರ ಯಾವುದಾದರೂ ರಾಗಾಲಾಪನೆ ಕೇಳಿ. ಕೃತಿ ಶುರುವಾಗುವವರೆಗೂ ಕಾಯಬೇಡಿ, ಗಮಕದ ಕೆಲಸ ತಿಳಿಯುವುದು ಆಲಾಪನೆಯಲ್ಲೇ. ಚೌಡಯ್ಯನವರ ಹಳೆಯ ರೆಕಾರ್ಡುಗಳೂ ಸಿಗುತ್ತವೆ. ಗರಗರ ಸದ್ದು ಇದೆ, ಹೆಡ್‌ಫೋನ್ ಹಾಕಿಕೊಂಡರೆ ವಾಸಿ.