ಪದ ಪರಿಚಯ: ವೈಯಕ್ತಿಕ ಚೇತರಿಕೆ

ಮಾನಸಿಕ ಆರೋಗ್ಯ ಮತ್ತು ಸಾಮಾಜಿಕ ಆರೈಕೆಯ ಕ್ಷೇತ್ರದಲ್ಲಿ ‘ವೈಯಕ್ತಿಕ ಚೇತರಿಕೆ’ ಎಂದರೆ, ಕಾಯಿಲೆಯ ಲಕ್ಷಣಗಳು ಪೂರ್ತಿಯಾಗಿ ಹೋಗಿರಲಿ, ಉಳಿದಿರಲಿ, ವ್ಯಕ್ತಿಯು ತನಗೆ ತೃಪ್ತಿ ಕೊಡುವ, ಭರವಸೆಯುಳ್ಳ, ಇತರರಿಗೂ ನೆರವಾಗುವ ಬದುಕನ್ನು ಕಟ್ಟಿಕೊಳ್ಳುತ್ತ ಸಾಗುವ ಪ್ರಕ್ರಿಯೆ. ಅಮೆರಿಕದ ಮಾನಸಿಕ ಪುನರ್ವಸತಿ ತಜ್ಞ ವಿಲಿಯಂ ಆಂಟನಿ 1993ರಲ್ಲಿ ನೀಡಿದ ವಿವರಣೆಯ ತಿರುಳು ಇದು. ಅದಕ್ಕೂ ಮುನ್ನ, 1988ರಲ್ಲಿ, ಸ್ವತಃ ಸ್ಕಿಜೋಫ್ರೇನಿಯಾ ಎಂಬ, ಭ್ರಮೆಗಳು ಕಾಡುವ ತೀವ್ರ ಮಾನಸಿಕ ಕಾಯಿಲೆಗೆ ಒಳಗಾಗಿದ್ದ ಮನಶ್ಶಾಸ್ತ್ರಜ್ಞೆ ಪೆಟ್ರೀಷಿಯಾ ಡೀಗನ್ ಇದನ್ನು ತಮ್ಮ ಅನುಭವದಿಂದಲೇ ಮಂಡಿಸಿದ್ದರು.

ವೈದ್ಯಕೀಯ ಚೇತರಿಕೆಯನ್ನು ಲಕ್ಷಣಗಳ ಇಳಿಕೆಯಿಂದ ಅಳೆಯಲಾಗುತ್ತದೆ. ಆದರೆ ಎರಡೂ ಯಾವಾಗಲೂ ಜೊತೆಯಾಗಿ ಬರುವುದಿಲ್ಲ. ಇಲ್ಲದ ದನಿಗಳು ಇನ್ನೂ ಕೇಳಿಸುತ್ತಿದ್ದರೂ ಒಬ್ಬರು ಕೆಲಸ, ಗೆಳೆತನಗಳನ್ನು ಉಳಿಸಿಕೊಂಡಿರಬಹುದು. ವರ್ಷಗಳಿಂದ ಯಾವ ಲಕ್ಷಣವೂ ಕಾಣದ ಇನ್ನೊಬ್ಬರಿಗೆ ತಮ್ಮ ಹಣದ ಬಗ್ಗೆ ಕೂಡ ತೀರ್ಮಾನಿಸುವ ಅವಕಾಶ ಇಲ್ಲದಿರಬಹುದು. ಹಿಂದಿನ ಹಲವು ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದ 2011ರ ಒಂದು ವಿಮರ್ಶೆಯು ಜನರೊಡನೆ ನಂಟು, ಭರವಸೆ, ರೋಗಿ ಎಂಬ ಹಣೆಪಟ್ಟಿಯಾಚೆಗಿನ ಗುರುತು, ಬದುಕಿನ ಅರ್ಥ, ತನ್ನ ಬದುಕಿನ ಮೇಲೆ ತನ್ನದೇ ಹಿಡಿತ ಎಂಬ ಐದನ್ನು ಇದರ ಮುಖ್ಯ ಅಂಶಗಳೆಂದು ಗುರುತಿಸಿತು.

ಬೆಂಬಲ ನೀಡುವವರ ಪಾತ್ರ ನಿಜವಾಗಿ ಪರೀಕ್ಷೆಗೊಳಗಾಗುವುದು ಕೊನೆಯ ಅಂಶದಲ್ಲಿ ಎಂದು ನನಗನಿಸುತ್ತದೆ. ವ್ಯಕ್ತಿಯು ಮತ್ತೆ ಉದ್ಯೋಗಕ್ಕೆ ಹೋಗಬಯಸಿದಾಗ, ಕಾಯಿಲೆ ಮರುಕಳಿಸೀತೆಂಬ ಅಂಜಿಕೆಯಿಂದ, ಪ್ರೀತಿಯಿಂದಲೇ, ಅವರನ್ನು ತಡೆಯುವವರಿದ್ದಾರೆ. ಅದರ ಬದಲು, ಆರಂಭದಲ್ಲಿ ಎಷ್ಟು ಗಂಟೆ ದುಡಿಯಬಹುದು, ನಿದ್ದೆ ಕೆಡುವಂಥ ಯಾವ ಮುನ್ಸೂಚನೆಗಳನ್ನು ಗಮನಿಸಬೇಕು, ಕಷ್ಟ ಹೆಚ್ಚಿದರೆ ಯಾರಿಗೆ ಕರೆ ಮಾಡಬೇಕು ಎಂಬುದನ್ನು ಅವರೊಡನೆ ಕುಳಿತು, ಅವರದೇ ಮಾತುಗಳಲ್ಲಿ ಬರೆದಿಟ್ಟುಕೊಳ್ಳುವುದು ಹೆಚ್ಚು ಉಪಯುಕ್ತ. ಅಪಾಯವನ್ನು ಕಡೆಗಣಿಸದೆಯೇ ಆಯ್ಕೆಯನ್ನು ಅವರ ಕೈಯಲ್ಲಿ ಉಳಿಸುವ ಕ್ರಮವಿದು. ಇಂಥ ಹಾದಿಯನ್ನು ತಾವೇ ದಾಟಿಬಂದವರ ಒಡನಾಟ, ನೆಲೆಯಾದ ವಸತಿ, ಆದಾಯ ಇವೂ ಬೆಂಬಲದ ಭಾಗಗಳೇ. ಕಾಯಿಲೆ ಮರುಕಳಿಸಿದರೆ ಅದನ್ನು ಸೋಲೆಂದು ಎಣಿಸದೆ, ಯೋಜನೆಯನ್ನು ತಿದ್ದಿಕೊಂಡು ಮುಂದುವರಿಯಬೇಕು. ವ್ಯಕ್ತಿಗೆ ತನ್ನ ಮೇಲೆ ನಂಬಿಕೆ ಕುಸಿದ ದಿನಗಳಲ್ಲಿ ಆ ನಂಬಿಕೆಯನ್ನು ಅವರ ಪರವಾಗಿ ಕಾಯ್ದುಕೊಳ್ಳುವವರು ಬೇಕು.

ಈ ಪರಿಕಲ್ಪನೆಯು ಔಷಧಿ ಬಿಡಿ ಎಂದು ಹೇಳುವುದಿಲ್ಲ. ಚಿಕಿತ್ಸೆಯು ಅನೇಕರಿಗೆ ಬಹುಮುಖ್ಯ ಸಾಧನವಾಗಿಯೇ ಇರುತ್ತದೆ. ‘ಚೇತರಿಕೆ ನಿಮ್ಮದೇ ಹೊಣೆ’ ಎಂದು ಹೇಳಿ ಸೇವೆಗಳನ್ನು ಹಿಂತೆಗೆದುಕೊಳ್ಳಲು ಇದನ್ನು ನೆಪವಾಗಿಸುವುದಂತೂ ತೀರಾ ತಪ್ಪು. ಗುರಿಯನ್ನು ನಿರ್ಧರಿಸುವವರು ವ್ಯಕ್ತಿಯೇ ಆದರೂ, ಅದನ್ನು ತಲುಪಲು ಬೇಕಾದ ಚಿಕಿತ್ಸೆ, ವಸತಿ ಮತ್ತು ಜೊತೆಗಾರಿಕೆಯನ್ನು ಒದಗಿಸುವ ಹೊಣೆ ಸೇವಾ ವ್ಯವಸ್ಥೆಯದಾಗಿಯೇ ಉಳಿಯುತ್ತದೆ.