ಎರಡು ದಂಡೆ, ಎರಡು ಪೀಠ: ನಮ್ಮ ಜಿಲ್ಲೆಗಳಿಂದ ಹೈಕೋರ್ಟಿಗೆ ಹೋಗುವ ದಾರಿ

ವಿಜಯಪುರದಿಂದ ಹುಬ್ಬಳ್ಳಿಯ ಕಡೆ ಹೊರಟ ಬಸ್ಸು ಕೊರ್ತಿ–ಕೊಲ್ಹಾರ ಸೇತುವೆಯ ಮೇಲೆ ಕೃಷ್ಣೆಯನ್ನು ದಾಟುತ್ತದೆ. ಈಚೆ ದಂಡೆಯ ಕೊಲ್ಹಾರ ವಿಜಯಪುರ ಜಿಲ್ಲೆಗೆ ಸೇರಿದ್ದು. ಆಚೆ ದಂಡೆಯ ಕೊರ್ತಿ ಬಾಗಲಕೋಟೆ ಜಿಲ್ಲೆಯ ಬೀಳಗಿ ತಾಲ್ಲೂಕಿಗೆ. ಆಲಮಟ್ಟಿಯ ಹಿನ್ನೀರು ಎರಡೂ ಕಡೆಯ ಹೊಲಗಳನ್ನು ಒಂದೇ ಸಮನೆ ನುಂಗಿತು. ಸ್ವಾಧೀನವಾದದ್ದು ಒಂದೇ ಯೋಜನೆಗೆ, ಪರಿಹಾರ ಗೊತ್ತುಮಾಡಿದ್ದು ಒಂದೇ 1894ರ ಭೂಸ್ವಾಧೀನ ಕಾಯ್ದೆ. ಆದರೆ ಪರಿಹಾರ ಸಾಲದೆಂದು ಹೈಕೋರ್ಟಿನ ಮೆಟ್ಟಿಲೇರುವಾಗ ಕೊಲ್ಹಾರದ ರೈತ ಕಲಬುರಗಿಗೆ ಹೋಗಬೇಕು, ಕೊರ್ತಿಯ ರೈತ ಧಾರವಾಡಕ್ಕೆ. 1997ರ ಆಗಸ್ಟ್ 15ರವರೆಗೆ ಇಬ್ಬರೂ ಒಂದೇ ಬಿಜಾಪುರ ಜಿಲ್ಲೆಯವರು.

ಇದು ಹೇಗಾಯಿತು ಎಂದು ಹುಡುಕುತ್ತ ಹೋದರೆ ನಮ್ಮ ಭಾಗದ ಮಟ್ಟಿಗೆ ಹೈಕೋರ್ಟಿನ ಚರಿತ್ರೆಯೆಂದರೆ ಬಹುಪಾಲು ದಾರಿಯ ಚರಿತ್ರೆ ಎಂಬುದು ಕಾಣುತ್ತದೆ.

ವಿಜಯಪುರದ ಅಸರ ಮಹಲು ಪ್ರವಾದಿಯವರ ಪವಿತ್ರ ಕೇಶವಿರುವ ಸ್ಥಳವೆಂದು ಎಲ್ಲರಿಗೂ ಗೊತ್ತು. ಸುಮಾರು 1646ರಲ್ಲಿ ಮಹಮ್ಮದ್ ಆದಿಲ್ ಶಾಹ ಅದನ್ನು ಕಟ್ಟಿಸಿದ್ದು ನ್ಯಾಯದಾನಕ್ಕಾಗಿ. ಅದರ ಮೊದಲ ಹೆಸರು ದಾದ್ ಮಹಲ್; ದಾದ್ ಎಂದರೆ ನ್ಯಾಯ. ಆ ಕಾಲದಲ್ಲಿ ಕೊನೆಯ ಮಾತು ಹೇಳುವವರು ಊರಲ್ಲೇ ಇದ್ದರು. 1818ರಲ್ಲಿ ಪೇಶ್ವೆಗಳ ಆಳ್ವಿಕೆ ಮುಗಿದು ಬೆಳಗಾವಿ ಸೀಮೆ ಕಂಪನಿಯ ಕೈ ಸೇರಿತು. ಬಿಜಾಪುರ ಸೀಮೆ ಸಾತಾರಾ ಅರಸರಲ್ಲಿದ್ದು, 1848ರಲ್ಲಿ ಆ ಸಂಸ್ಥಾನವೇ ಹೋದ ಮೇಲೆ ಮುಂಬಯಿ ಪ್ರಾಂತ್ಯಕ್ಕೆ ಬಂತು. ಆಮೇಲೆ ರೂಪುಗೊಂಡ ಜಿಲ್ಲೆಗೆ ಮೊದಲು ಕಲಾದಗಿಯೇ ಕೇಂದ್ರ. 1885ರಲ್ಲಿ ಅದು ಬಿಜಾಪುರಕ್ಕೆ ಬಂತು. ಮೇಲಿನ ನ್ಯಾಯಾಲಯ ಮಾತ್ರ ಮುಂಬಯಿಯಲ್ಲೇ ಇತ್ತು. ಮೊದಲು ಕಂಪನಿಯ ಸದರ ದಿವಾಣಿ ಮತ್ತು ಸದರ ಫೌಜದಾರಿ ಅದಾಲತ್ತುಗಳು, ಅಂದರೆ ಸಿವಿಲ್ ಮತ್ತು ಅಪರಾಧ ಪ್ರಕರಣಗಳ ಮೇಲಿನ ಕೋರ್ಟುಗಳು. 1861ರ ಹೈಕೋರ್ಟ್ ಕಾಯ್ದೆ ಇವನ್ನೂ ಮುಂಬಯಿಯ ಸುಪ್ರೀಂ ಕೋರ್ಟನ್ನೂ ಕೂಡಿಸಿತು. 1862ರ ಆಗಸ್ಟ್‌ನಲ್ಲಿ ಮುಂಬಯಿ ಹೈಕೋರ್ಟ್ ಕೆಲಸ ಆರಂಭಿಸಿತು.

ಬಿಜಾಪುರದಿಂದ ಅಪ್ಪೀಲಿಗೆ ಹೋಗುವವನು 1884ರಲ್ಲಿ ಗದಗ–ಹೊಟಗಿ ರೈಲುಮಾರ್ಗ ತೆರೆದ ಮೇಲೆ ಹೊಟಗಿಯವರೆಗೆ ಮೀಟರ್ ಗೇಜಿನಲ್ಲಿ ಹೋಗಿ, ಅಲ್ಲಿ ಗಾಡಿ ಬದಲಿಸಿ ಮುಂಬಯಿ ಹಿಡಿಯಬಹುದಾಗಿತ್ತು. ಅದಕ್ಕೂ ಹಿಂದಿನವರ ಪಾಡನ್ನು ಊಹಿಸಿಕೊಳ್ಳಬೇಕಷ್ಟೆ. ದೂರದ ಜೊತೆಗೆ ಭಾಷೆಯ ತೊಡಕೂ ಇತ್ತು. ಹಳ್ಳಿಯ ಕಾಗದ ಕನ್ನಡದಲ್ಲೋ ಮೋಡಿ ಲಿಪಿಯ ಮರಾಠಿಯಲ್ಲೋ ಇರುತ್ತಿತ್ತು, ಹೈಕೋರ್ಟಿನ ಭಾಷೆ ಇಂಗ್ಲಿಷ್. ಹಾಗಿದ್ದರೂ ನಮ್ಮ ಜನ ಹೋದರು. ವತನ, ಇನಾಮು, ದತ್ತಕ, ಪಾಲುಪಟ್ಟಿಯ ವ್ಯಾಜ್ಯಗಳು ಬೆಳಗಾವಿ, ಧಾರವಾಡ, ಬಿಜಾಪುರಗಳಿಂದ ಏರಿಹೋಗಿ ಮುಂಬಯಿಯ ತೀರ್ಪು ಸಂಪುಟಗಳಲ್ಲಿ ತುಂಬಿಕೊಂಡಿವೆ. ಗಂಡ ಸತ್ತ ಹೆಣ್ಣುಮಗಳು ಅವನ ಮುಂಚಿನ ಅಪ್ಪಣೆಯಿಲ್ಲದೆಯೂ ದತ್ತು ತೆಗೆದುಕೊಳ್ಳಬಹುದು ಎಂಬ, ಹಿಂದೂ ಕಾನೂನಿನ ಮುಂಬಯಿ ಪಂಥದ ನಿಯಮ ಇಲ್ಲಿ ಚಾಲ್ತಿಯಲ್ಲಿತ್ತು. ಮದ್ರಾಸಿನ ಕಡೆ ಅದಕ್ಕೆ ಗಂಡನ ಅನುಮತಿಯೋ ದಾಯಾದಿಗಳ ಒಪ್ಪಿಗೆಯೋ ಬೇಕಿತ್ತು. ಕರ್ನಾಟಕದ ಗೌಡ ಮನೆತನವೊಂದರ ದತ್ತಕದ ಜಗಳ 1930ರ ದಶಕದಲ್ಲಿ ಆಗಿನ ಕೊನೆಯ ಅಪ್ಪೀಲಿನ ಕೋರ್ಟಾದ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಗಿ, ಕೂಡುಕುಟುಂಬದ ವಿಧವೆಗೂ ಆ ಹಕ್ಕು ಉಂಟೆಂದು ಗಟ್ಟಿಯಾಯಿತು. ನಮ್ಮ ಭಾಗದ ಎಷ್ಟೋ ಮನೆಗಳ ಹೊಲದ ಇಂದಿನ ಹಂಚಿಕೆ ಆ ನಿಯಮದ ಮೇಲೆ ನಿಂತಿದೆ.

ಜಮಖಂಡಿ, ಮುಧೋಳ, ರಾಮದುರ್ಗದಂಥ ಸಂಸ್ಥಾನಗಳಿಗೆ ತಮ್ಮದೇ ನ್ಯಾಯಾಲಯಗಳಿದ್ದವು. 1948ರಲ್ಲಿ ಅವು ಮುಂಬಯಿ ರಾಜ್ಯದಲ್ಲಿ ವಿಲೀನವಾದಾಗ ಅಲ್ಲಿನವರ ದಾರಿಯೂ ಮುಂಬಯಿಗೇ ತಿರುಗಿತು.

ಅತ್ತ ಮೈಸೂರು ಸಂಸ್ಥಾನದಲ್ಲಿ 1884ರಲ್ಲಿ ಚೀಫ್ ಕೋರ್ಟ್ ಸ್ಥಾಪನೆಯಾಗಿ, 1930ರಲ್ಲಿ ಅದಕ್ಕೆ ಮೈಸೂರು ಹೈಕೋರ್ಟ್ ಎಂಬ ಹೆಸರು ಬಂದಿತ್ತು. ಇಂದು ಹೈಕೋರ್ಟ್ ಇರುವ ಬೆಂಗಳೂರಿನ ಕೆಂಪು ಅಠಾರಾ ಕಚೇರಿ 1864–68ರ ನಡುವೆ ಎದ್ದದ್ದು, ಸರ್ಕಾರದ ಹದಿನೆಂಟು ಇಲಾಖೆಗಳಿಗಾಗಿ. 1956ರಲ್ಲಿ ವಿಧಾನಸೌಧ ಸಿದ್ಧವಾದ ಮೇಲೆ ಸಚಿವಾಲಯ ಎದುರಿನ ಹೊಸ ಕಟ್ಟಡಕ್ಕೆ ಹೋಯಿತು.

1956ರ ನವೆಂಬರ್ 1. ಚಂದಗಡ ತಾಲ್ಲೂಕನ್ನು ಬಿಟ್ಟು ಬೆಳಗಾವಿ ಜಿಲ್ಲೆ, ಬಿಜಾಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳು ಹೊಸ ಮೈಸೂರು ರಾಜ್ಯಕ್ಕೆ ಬಂದವು. ಏಕೀಕರಣಕ್ಕಾಗಿ ದುಡಿದವರ ಸಂತೋಷವನ್ನು ಕಡಿಮೆ ಮಾಡಿ ಹೇಳುವ ಮನಸ್ಸು ನನಗಿಲ್ಲ; ಆ ದಿನವನ್ನು ನಾವು ಈಗಲೂ ಹಬ್ಬವಾಗಿಯೇ ಆಚರಿಸುತ್ತೇವೆ. ಆದರೆ ಕಕ್ಷಿದಾರನ ಲೆಕ್ಕ ಬೇರೆ. ಬೆಳಗಾವಿಯಿಂದ ಮುಂಬಯಿ ಎಷ್ಟು ದೂರವೋ ಬೆಂಗಳೂರೂ ಹೆಚ್ಚುಕಡಿಮೆ ಅಷ್ಟೇ ದೂರ. ವಿಜಯಪುರದಿಂದ ಬೆಂಗಳೂರಿಗೆ 500 ಕಿಲೋಮೀಟರಿಗೂ ಹೆಚ್ಚು. ಉತ್ತರಕ್ಕೆ ಹೋಗುತ್ತಿದ್ದ ದಾರಿ ದಕ್ಷಿಣಕ್ಕೆ ತಿರುಗಿತು, ಅದರ ಉದ್ದ ಕಡಿಮೆಯಾಗಲಿಲ್ಲ. ಕಾನೂನು ಕೂಡ ರಾತ್ರೋರಾತ್ರಿ ಬದಲಾಗಲಿಲ್ಲ. ರಾಜ್ಯ ಪುನರ್ವಿಂಗಡಣಾ ಕಾಯ್ದೆಯ ಪ್ರಕಾರ ಆಯಾ ಪ್ರದೇಶದ ಹಳೆಯ ಕಾಯ್ದೆಗಳು ಬದಲಾಗುವ ತನಕ ಜಾರಿಯಲ್ಲಿದ್ದವು. ಹೀಗಾಗಿ ಬೆಳಗಾವಿಯ ಲಾವಣಿ (ಗೇಣಿ) ಹೊಲದ ತಕರಾರನ್ನು ಬೆಂಗಳೂರಿನ ನ್ಯಾಯಮೂರ್ತಿಗಳು 1948ರ ಮುಂಬಯಿ ಗೇಣಿ ಕಾಯ್ದೆಯ ಮೇಲೆ ತೀರ್ಮಾನಿಸಬೇಕಿತ್ತು. ಮರುದಿನ ಹೈದರಾಬಾದಿನ ಕಾಯ್ದೆ, ಇನ್ನೊಂದು ದಿನ ಮದ್ರಾಸಿನದು. ಒಂದು ಹೈಕೋರ್ಟು ಇಷ್ಟು ಪರಂಪರೆಗಳನ್ನು ಹೊತ್ತು ನಡೆದದ್ದು ಸಣ್ಣ ಕೆಲಸವಲ್ಲ.

ಇಡೀ ಕಥೆಯ ಕೀಲಿ ಇರುವುದು ಅದೇ ಕಾಯ್ದೆಯ 51ನೇ ಕಲಮಿನಲ್ಲಿ. ಅದಕ್ಕೆ ಮೂರು ಉಪಕಲಮುಗಳಿವೆ. ಹೈಕೋರ್ಟಿನ ಪ್ರಧಾನ ಪೀಠ ಎಲ್ಲಿರಬೇಕೆಂದು ರಾಷ್ಟ್ರಪತಿಗಳು ಗೊತ್ತುಮಾಡುತ್ತಾರೆ ಎನ್ನುವುದು ಮೊದಲನೆಯದು. ರಾಜ್ಯಪಾಲರ ಮತ್ತು ಮುಖ್ಯ ನ್ಯಾಯಮೂರ್ತಿಗಳ ಜೊತೆ ಸಮಾಲೋಚಿಸಿ ಬೇರೆ ಊರುಗಳಲ್ಲಿ ಕಾಯಂ ಪೀಠ ಸ್ಥಾಪಿಸಲು ರಾಷ್ಟ್ರಪತಿಗಳಿಗೆ ಎರಡನೆಯದು ಅಧಿಕಾರ ಕೊಡುತ್ತದೆ. ಮೂರನೆಯದು ಎಲ್ಲಕ್ಕಿಂತ ಸರಳ: ರಾಜ್ಯಪಾಲರು ಒಪ್ಪಿದರೆ ಸಾಕು, ರಾಜ್ಯದ ಯಾವ ಊರಿನಲ್ಲಾದರೂ ನ್ಯಾಯಮೂರ್ತಿಗಳು ಕುಳಿತು ಕಲಾಪ ನಡೆಸುವಂತೆ ಮುಖ್ಯ ನ್ಯಾಯಮೂರ್ತಿಗಳು ಗೊತ್ತುಮಾಡಬಹುದು. ಹೊಸ ಕಾಯ್ದೆ ಬೇಕಿಲ್ಲ, ಸಂಸತ್ತಿನ ಹಂಗಿಲ್ಲ. 2008ರಲ್ಲಿ ಧಾರವಾಡದಲ್ಲಿ ಕಲಾಪ ಶುರುವಾದದ್ದು ಈ ಮೂರನೆಯ ಉಪಕಲಮಿನ ಬಲದಿಂದ. ಅಂದರೆ 1956ರ ನವೆಂಬರಿನ ಮೊದಲ ದಿನದಿಂದಲೇ ಕೈಯಲ್ಲಿದ್ದ ಅಧಿಕಾರ ಬಳಕೆಗೆ ಬರಲು 52 ವರ್ಷ ಹಿಡಿಯಿತು. ಈ ತಡವನ್ನು ನಾನು ಸಣ್ಣದೆಂದು ಎಣಿಸಲಾರೆ.

ಆ 52 ವರ್ಷಗಳಲ್ಲಿ ನಡೆದದ್ದು ಹೀಗೆ. ಸಂಜೆಯ ರೈಲಿಗೋ ಬಸ್ಸಿಗೋ ಹತ್ತಿದ ರೈತ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿಯುತ್ತಾನೆ. ಕೈಚೀಲದಲ್ಲಿ ಉತಾರ, ಕೆಳಗಿನ ಕೋರ್ಟಿನ ತೀರ್ಪಿನ ನಕಲು, ಕಟ್ಟಿಕೊಂಡು ಬಂದ ರೊಟ್ಟಿ. ಎಂದೂ ಮುಖ ನೋಡದ ವಕೀಲರ ಕಚೇರಿ ಹುಡುಕಬೇಕು, ಊರಿನ ವಕೀಲರು ಬರೆದುಕೊಟ್ಟ ಚೀಟಿ ತೋರಿಸಬೇಕು. ಪ್ರಕರಣದ ಸರದಿ ಬಂದರೆ ಬಂತು; ಇಲ್ಲವಾದರೆ ಮುಂದಿನ ತಾರೀಖು ಕೇಳಿಕೊಂಡು ರಾತ್ರಿಯ ಗಾಡಿಗೆ ವಾಪಸು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ನಮ್ಮ ಗಾದೆಗೆ ಅರ್ಥ ತುಂಬಿದ್ದು ಇಂಥ ಓಡಾಟ. ಜಿಲ್ಲಾ ನ್ಯಾಯಾಲಯದಲ್ಲಿ ಸೋತು, ಅಪ್ಪೀಲಿನ ಖರ್ಚಿಗೆ ಹೆದರಿ ಹಕ್ಕು ಬಿಟ್ಟವರ ಲೆಕ್ಕ ಯಾವ ದಾಖಲೆಯಲ್ಲೂ ಸಿಗುವುದಿಲ್ಲ. ಪೀಠದ ಬೇಡಿಕೆಯ ನಿಜವಾದ ವಾದ ಅವರದೇ ಎಂದು ನನಗೆ ಅನ್ನಿಸುತ್ತದೆ.

ನೆರೆಯ ಮಹಾರಾಷ್ಟ್ರ ಬೇಗ ದಾರಿ ಕಂಡುಕೊಂಡಿತು. 1981ರ ಆಗಸ್ಟ್‌ನಲ್ಲಿ ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳು ಇದೇ 51(3)ನ್ನು ಬಳಸಿ ಔರಂಗಾಬಾದಿನಲ್ಲಿ ಕಲಾಪ ಆರಂಭಿಸಿದರು. ಇದು ಪ್ರಶ್ನೆಗೆ ಒಳಗಾದಾಗ, ಆ ಉಪಕಲಮು ಇನ್ನೂ ಜೀವಂತವಾಗಿದೆ ಎಂದು ಸುಪ್ರೀಂ ಕೋರ್ಟ್ 1982ರಲ್ಲಿ ಎತ್ತಿಹಿಡಿಯಿತು. ಇಲ್ಲಿ ಉತ್ತರ ಕರ್ನಾಟಕದ ವಕೀಲರು ಕಲಾಪ ಬಹಿಷ್ಕರಿಸಿದರು, ಧರಣಿ ಕೂತರು, ಕೊನೆಗೆ ವಕೀಲರ ಸಂಘಗಳ ಒಕ್ಕೂಟ ಸುಪ್ರೀಂ ಕೋರ್ಟಿಗೇ ಹೋಯಿತು. 2000ದ ಜುಲೈಯಲ್ಲಿ ಅರ್ಜಿ ವಜಾ ಆಯಿತು. ಪೀಠ ಬೇಕೇ ಬೇಡವೇ ಎಂಬಲ್ಲಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳ ಅಭಿಪ್ರಾಯಕ್ಕೇ ಹೆಚ್ಚಿನ ತೂಕ ಎಂದು ಸುಪ್ರೀಂ ಕೋರ್ಟ್ ಹೇಳಿತು, ಆಗಿನ ಅಭಿಪ್ರಾಯ ವಿರುದ್ಧವಾಗಿತ್ತು. ಕಾನೂನಿನ ದೃಷ್ಟಿಯಿಂದ ಅದು ಸರಿಯೇ ಇರಬಹುದು. ಆದರೆ ಆ ತೀರ್ಪಿನ ಮುಂದಿನ ಎಂಟು ವರ್ಷಗಳ ಓಡಾಟದ ಖರ್ಚನ್ನೂ ಕಕ್ಷಿದಾರನೇ ಹೊತ್ತ.

2008ರ ಜುಲೈ 4ರಂದು ಧಾರವಾಡದಲ್ಲಿ, ಮರುದಿನ ಕಲಬುರಗಿಯಲ್ಲಿ ಸಂಚಾರಿ ಪೀಠಗಳನ್ನು ಆಗಿನ ಭಾರತದ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಉದ್ಘಾಟಿಸಿದರು. 2013ರಲ್ಲಿ ರಾಷ್ಟ್ರಪತಿಗಳ ಆದೇಶದಿಂದ ಎರಡೂ ಕಾಯಂ ಪೀಠಗಳಾದವು. ಧಾರವಾಡದ್ದು ಆಗಸ್ಟ್ 25ರಿಂದ, ಕಲಬುರಗಿಯದು ಆಗಸ್ಟ್ 31ರಿಂದ. ಧಾರವಾಡ ಪೀಠದ ಕಟ್ಟಡ ಊರೊಳಗಿಲ್ಲ, ಬೆಳಗಾವಿಯ ಕಡೆಗಿನ ಹೆದ್ದಾರಿಯ ಬದಿಗಿದೆ. ಬೆಳಗಾವಿಯವರಿಗೆ ಅದೊಂದು ಅನುಕೂಲ. ಬೆಳಿಗ್ಗೆ ಹೊರಟು, ಕೆಲಸ ಮುಗಿಸಿ, ಸಂಜೆಗೆ ಮನೆ ಸೇರಬಹುದು.

ಪೀಠವೆಂದರೆ ಬೇರೆ ಹೈಕೋರ್ಟ್ ಅಲ್ಲ. ಹೈಕೋರ್ಟ್ ಒಂದೇ, ಮುಖ್ಯ ನ್ಯಾಯಮೂರ್ತಿಗಳೂ ಒಬ್ಬರೇ. ಮಂಜೂರಾದ ಒಟ್ಟು 62 ಹುದ್ದೆಗಳಲ್ಲಿ ಇರುವ ನ್ಯಾಯಮೂರ್ತಿಗಳನ್ನು ಮೂರೂ ಕಡೆಗೆ ಪಾಳಿಯಂತೆ ಅವರೇ ಕಳಿಸುತ್ತಾರೆ. ಕೆಳಗಿನ ಎರಡು ಕೋರ್ಟುಗಳನ್ನು ದಾಟಿದ ದಿವಾಣಿ ವ್ಯಾಜ್ಯ ಎರಡನೆಯ ಅಪ್ಪೀಲಾಗಿ ಬರುತ್ತದೆ. ವಕೀಲರ ಬಾಯಲ್ಲಿ ಅದು ಆರ್.ಎಸ್.ಎ. (ರೆಗ್ಯುಲರ್ ಸೆಕೆಂಡ್ ಅಪೀಲ್). ಭೂಸ್ವಾಧೀನ, ಅಪಘಾತ ಪರಿಹಾರದ ಅಪ್ಪೀಲು ಎಂ.ಎಫ್.ಎ. (ಮಿಸಲೇನಿಯಸ್ ಫಸ್ಟ್ ಅಪೀಲ್). ಪ್ರಕರಣದ ಸಂಖ್ಯೆ ನೋಡಿದರೆ ಅದು ಎಲ್ಲಿಯದೆಂದು ತಿಳಿಯುತ್ತದೆ. ಆರು ಅಂಕಿಯ ಸಂಖ್ಯೆ 1ರಿಂದ ಶುರುವಾದರೆ ಧಾರವಾಡ, 2ರಿಂದ ಶುರುವಾದರೆ ಕಲಬುರಗಿ.

ಪೀಠಗಳ ವ್ಯಾಪ್ತಿಯ ಗಡಿ ಎಳೆಯುವಾಗ ಹಳೆಯ ಪ್ರಾಂತ್ಯಗಳನ್ನು ನೋಡಲಿಲ್ಲ. ನಿಜಾಮರ ಆಳ್ವಿಕೆಯಲ್ಲಿದ್ದ ಕೊಪ್ಪಳ ಧಾರವಾಡ ಪೀಠಕ್ಕೆ ಸೇರಿತು. ಮುಂಬಯಿ ಕರ್ನಾಟಕದ ವಿಜಯಪುರ ಬೀದರ್, ರಾಯಚೂರು, ಯಾದಗಿರಿಗಳ ಜೊತೆ ಕಲಬುರಗಿಗೆ. ಕಂದಾಯಕ್ಕೆ ಬೆಳಗಾವಿ ವಿಭಾಗ, ಹೈಕೋರ್ಟಿಗೆ ಕಲಬುರಗಿ ಎಂಬುದು ವಿಜಯಪುರದವರ ಇಂದಿನ ಸ್ಥಿತಿ. ದೂರದ ಲೆಕ್ಕದಲ್ಲಿ ತಪ್ಪಿಲ್ಲ: ಸಿಂದಗಿ, ಜೇವರ್ಗಿ ದಾರಿಯಲ್ಲಿ ಕಲಬುರಗಿ ಸುಮಾರು 160 ಕಿಲೋಮೀಟರ್, ಧಾರವಾಡ 200ರ ಹತ್ತಿರ. ನನ್ನ ಅಳುಕು ಬೇರೆಯದು. ಒಂದೇ ಅಣೆಕಟ್ಟೆಯ ಒಂದೇ ಹಿನ್ನೀರಿನ ಹೊಲಗಳ ಬೆಲೆಯನ್ನು ಎರಡು ಊರುಗಳಲ್ಲಿ ಕುಳಿತ ಎರಡು ಪೀಠಗಳು ಕಟ್ಟುವಾಗ, ಒಂದು ದಂಡೆಗೆ ಸಿಕ್ಕ ದರದ ತೀರ್ಪು ಇನ್ನೊಂದು ದಂಡೆಯ ವಕೀಲರ ಕೈಗೆ ತಕ್ಷಣ ಬರಬೇಕು. ಅದು ತಡವಾದಷ್ಟೂ ಸರ್ಕಾರಕ್ಕೂ ಹೊರೆ. ಹಳೆಯ ಕಾಯ್ದೆಯಲ್ಲಿ ಬೆಲೆಯ ಮೇಲೆ ಶೇ 30ರ ಸೋಲೇಷಿಯಂ, ಅಂದರೆ ಕಡ್ಡಾಯವಾಗಿ ಹೊಲ ಕಳೆದುಕೊಂಡದ್ದಕ್ಕೆ ಕೊಡುವ ಹೆಚ್ಚಿನ ಹಣ, ಇದೆ, ಹೆಚ್ಚುವರಿ ಪರಿಹಾರಕ್ಕೆ ಮೊದಲ ವರ್ಷ ಶೇ 9, ಆಮೇಲೆ ಶೇ 15ರ ಬಡ್ಡಿ ಏರುತ್ತ ಹೋಗುತ್ತದೆ.

2025ರ ಆಗಸ್ಟ್‌ನಲ್ಲಿ ಮುಂಬಯಿ ಹೈಕೋರ್ಟ್ ಕೊಲ್ಹಾಪುರದಲ್ಲೂ ಕಲಾಪ ಆರಂಭಿಸಿತು, ಮತ್ತೆ ಅದೇ 51(3)ರ ಅಡಿ. ಸೊಲ್ಲಾಪುರ, ಸಾಂಗಲಿಗಳೂ ಅದರ ವ್ಯಾಪ್ತಿಯಲ್ಲಿವೆ. ಗಡಿಯ ಆಚೆ ಈಚೆ ಒಂದೇ ಕಲಮು ಒಂದೇ ಕೆಲಸ ಮಾಡಿದೆ. ಅದನ್ನು ಬಳಸುವ ಮನಸ್ಸು ಬರುವುದಕ್ಕೆ ಎರಡೂ ಕಡೆ ದಶಕಗಳೇ ಬೇಕಾದವು.

ದಾರಿ ಹತ್ತಿರವಾಯಿತು, ಭಾಷೆ ಇನ್ನೂ ಆಗಿಲ್ಲ. ಸಂವಿಧಾನದ 348ನೇ ವಿಧಿಯಂತೆ ಹೈಕೋರ್ಟಿನ ಭಾಷೆ ಇಂದಿಗೂ ಇಂಗ್ಲಿಷ್. ರಾಷ್ಟ್ರಪತಿಗಳ ಸಮ್ಮತಿ ಪಡೆದು ರಾಜ್ಯದ ಭಾಷೆಯನ್ನು ಕಲಾಪದಲ್ಲಿ ಬಳಸಲು ಅದೇ ವಿಧಿಯಲ್ಲಿ ಅವಕಾಶವಿದೆ. 2024ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ವಿಭಾಗೀಯ ಪೀಠವೊಂದು ತೀರ್ಪಿನ ಮುಖ್ಯ ಭಾಗವನ್ನು ಕನ್ನಡದಲ್ಲಿ ಓದಿದಾಗ ಅದು ದೊಡ್ಡ ಸುದ್ದಿಯಾಯಿತು. ಕೊರ್ತಿಯ ರೈತ ಕೆಳಗಿನ ಕೋರ್ಟಿನ ಸಾಕ್ಷಿಕಟ್ಟೆಯಲ್ಲಿ ನಿಂತು ತನ್ನದು ಎರೆ ಹೊಲ, ಪಕ್ಕದವನದು ಮಡ್ಡಿ, ಬಾವಿ ತೋಡಿಸಿದ ಮೇಲೆ ಬಾಗಾಯತವಾಯಿತು ಎಂದು ಹೇಳಿರುತ್ತಾನೆ. ಕಪ್ಪು ಮಣ್ಣಿನ ಎರೆ, ಕಲ್ಲುನೆಲದ ಮಡ್ಡಿ, ನೀರಾವರಿಯ ಬಾಗಾಯತ: ಎಕರೆಗೆ ಎಷ್ಟು ಎಂಬುದು ಈ ಮೂರು ಮಾತುಗಳ ಮೇಲೆ ನಿಲ್ಲುತ್ತದೆ. ಧಾರವಾಡದ ಕಡತಕ್ಕೆ ಅವು ಇಂಗ್ಲಿಷಿನಲ್ಲಿ ಸೇರುವಾಗ, ಎರೆಗೂ ಮಡ್ಡಿಗೂ ಇರುವ ಅಂತರ ಬಲ್ಲವರೇ ಅನುವಾದಕ್ಕೆ ಕೂರಬೇಕು.