ಕಡತದ ಬೆನ್ನು ಹತ್ತಿ

ಹಿಂದೆ ನಾನಿದ್ದ ಕಚೇರಿಯೊಂದರಲ್ಲಿ ಪ್ರಯಾಣ ಭತ್ಯೆಯ ಬಿಲ್ಲು ಮಂಜೂರಾಗಲು 19 ದಿನ ಹಿಡಿಯಿತು. ಯಾರನ್ನು ಕೇಳಿದರೂ ಒಂದೇ ಉತ್ತರ: ‘ನನ್ನ ಮೇಜಿನ ಮೇಲೆ ಏನೂ ಬಾಕಿಯಿಲ್ಲ.’ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಮುಂದಿನ ತಿಂಗಳು ಹಟಕ್ಕೆ ಬಿದ್ದು, ಹಾಳೆ, ಪೆನ್ಸಿಲು ಹಿಡಿದು ಬಿಲ್ಲಿನ ಹಿಂದೆ ನಾನೇ ಹೊರಟೆ.

ಹೀಗೆ ಕೆಲಸದ ದಾರಿಯನ್ನು ಚಿತ್ರವಾಗಿ ಬರೆಯುವ ಪದ್ಧತಿಗೆ ನೂರು ವರ್ಷ ದಾಟಿದೆ. ಅಮೆರಿಕದ ಫ್ರಾಂಕ್ ಮತ್ತು ಲಿಲಿಯನ್ ಗಿಲ್‌ಬ್ರೆತ್ ದಂಪತಿ 1921ರಲ್ಲಿ ಅಲ್ಲಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದೆ ‘ಪ್ರೊಸೆಸ್ ಚಾರ್ಟ್’ ಮಂಡಿಸಿದರು. ಫ್ರಾಂಕ್ ಮೊದಲು ಇಟ್ಟಿಗೆ ಕಟ್ಟುವ ಕೆಲಸ ಕಲಿತವರು. ಒಂದು ಇಟ್ಟಿಗೆ ಇಡಲು ಕೆಲಸಗಾರನ ಮೈ 18 ಬಾರಿ ಚಲಿಸುತ್ತದೆಂದು ಎಣಿಸಿ, ಅದನ್ನು ಐದರ ಆಸುಪಾಸಿಗೆ ಇಳಿಸಿದರು. ಉಪಾಯ ಸರಳ: ಇಟ್ಟಿಗೆ, ಗಾರೆ ಎರಡನ್ನೂ ಕೈಗೆಟುಕುವ ಎತ್ತರಕ್ಕೆ ತಂದರು, ಪ್ರತಿ ಇಟ್ಟಿಗೆಗೂ ನೆಲಕ್ಕೆ ಬಗ್ಗುವುದು ತಪ್ಪಿತು. ಅದೇ ಸಂಘ 1947ರಲ್ಲಿ ಐದು ಗುರುತುಗಳನ್ನು ಗೊತ್ತುಮಾಡಿತು. ವೃತ್ತವೆಂದರೆ ಕೆಲಸ, ಬಾಣವೆಂದರೆ ಸಾಗಾಟ, ಚೌಕವೆಂದರೆ ತಪಾಸಣೆ, ತ್ರಿಕೋನವೆಂದರೆ ದಾಸ್ತಾನು. ಇಂಗ್ಲಿಷಿನ ‘ಡಿ’ ಅಕ್ಷರ ಸುಮ್ಮನೆ ಕಾಯುವುದಕ್ಕೆ. ಬಣ್ಣಬಣ್ಣದ ಸಾಫ್ಟ್‌ವೇರ್ ಆಮೇಲೂ ಕೊಳ್ಳಬಹುದು, ಶುರುಮಾಡಲು ಇಷ್ಟು ಸಾಕು.

ನನ್ನ ಮೊದಲ ನಕ್ಷೆ ತಪ್ಪಾಗಿತ್ತು. ವ್ಯವಸ್ಥಾಪಕರನ್ನು ಕೇಳಿ ಬರೆದಿದ್ದೆ. ಅವರು ಹೇಳಿದ್ದು ನಿಯಮಾವಳಿಯಲ್ಲಿದ್ದ ದಾರಿ. ನಿಜವಾದ ದಾರಿ ಗೊತ್ತಿದ್ದದ್ದು ಕಡತ ಹೊರುವ ಅಟೆಂಡರ್‌ಗೆ. ಅವರು ಮಹಡಿ ಹತ್ತುತ್ತಿದ್ದದ್ದು ದಿನಕ್ಕೆ ಎರಡೇ ಸಲ, ಹನ್ನೊಂದಕ್ಕೆ ಮತ್ತು ನಾಲ್ಕಕ್ಕೆ. ಹನ್ನೊಂದೂ ಕಾಲಿಗೆ ಸಹಿಯಾದ ಕಡತ ಸಂಜೆಯವರೆಗೆ ಟ್ರೇಯಲ್ಲೇ ಇರುತ್ತಿತ್ತು. ಇನ್ನೂ ದೊಡ್ಡ ಎಡವಟ್ಟು ಬೇರೆಯೇ ಇತ್ತು. ಬಸ್ ಟಿಕೆಟ್ ಲಗತ್ತಿಸಿದ್ದಾರೆಯೇ ಎಂದು ನೋಡುತ್ತಿದ್ದದ್ದು ನಾಲ್ಕನೆಯ ಮೇಜಿನಲ್ಲಿ. ಇಲ್ಲದಿದ್ದರೆ ಮೂರು ಸಹಿ ಹೊತ್ತ ಬಿಲ್ಲು ಬಂದ ದಾರಿಗೆ ಸುಂಕವಿಲ್ಲದೆ, ಬಿಲ್ಲು ಮೊದಲು ಸ್ವೀಕರಿಸುವ ಆವಕ ಶಾಖೆಗೆ ಮರಳುತ್ತಿತ್ತು. ಕೊನೆಗೆ ಕೂಡಿಸಿ ನೋಡಿದರೆ ವೃತ್ತಗಳೆಲ್ಲ ಸೇರಿ ಮುಕ್ಕಾಲು ಗಂಟೆಯೂ ಇಲ್ಲ. ಹಾಳೆಯ ತುಂಬ ‘ಡಿ’ಗಳೇ.

ಎಲ್ಲ ಕಾಯುವಿಕೆಯೂ ಇಷ್ಟು ಮುಗ್ಧವಲ್ಲ. ಯಾವ ಕಡತ ಮೊದಲು ಎಂಬ ಆಯ್ಕೆ ಒಬ್ಬರ ಕೈಯಲ್ಲಿದ್ದರೆ ಕಾಯಿಸುವುದಕ್ಕೂ ಬೆಲೆ ಬರುತ್ತದೆ. ಕರ್ನಾಟಕದ ಜಮೀನು ದಾಖಲೆಗಳನ್ನು ಗಣಕೀಕರಿಸಿದ ‘ಭೂಮಿ’ ಯೋಜನೆ ಮ್ಯುಟೇಶನ್ (ಜಮೀನಿನ ಹಕ್ಕು ಬದಲಾವಣೆ) ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂಬ ಕಟ್ಟು ಹಾಕಿದ್ದು ಇದಕ್ಕೇ. ಪಹಣಿ ಮುದ್ರಿಸುವ ಯಂತ್ರಕ್ಕಿಂತ ಆ ಕಟ್ಟೇ ದೊಡ್ಡ ಬದಲಾವಣೆ ಎಂದು ನನ್ನ ಎಣಿಕೆ.

ನಮ್ಮಲ್ಲಿ ಬದಲಾದದ್ದು ಒಂದೇ ಚೌಕ. ಅದನ್ನು ನಾಲ್ಕನೆಯ ಮೇಜಿನಿಂದ ಕಿತ್ತು ಮೊದಲನೆಯದಕ್ಕೆ ತಂದೆವು. ಮರುತಿಂಗಳು ಬಿಲ್ಲು ಹಿಡಿದು ಹೋದರೆ ಆವಕ ಶಾಖೆಯವರು ಮುದ್ರೆ ಒತ್ತದೆ ನನ್ನ ಮುಖ ನೋಡಿದರು: ‘ಸರ್, ಹುಬ್ಬಳ್ಳಿಯಿಂದ ವಾಪಸ್ ಬಂದ ಟಿಕೆಟ್ ಎಲ್ಲಿ?’